ಮಥುರಾಬಾಯಿಯ ಎತ್ತು

ಮಥುರಾಬಾಯಿ ಲಟ್ಟಿಸಿದ ಹೋಳಿಗೆಯನ್ನು ಬೆಳಕಿಗೆ ಹಿಡಿದರೆ ಆಚೆ ಕೂತವರ ಮುಖ ಕಾಣುತ್ತದೆ ಎಂದು ನಮ್ಮ ಓಣಿಯಲ್ಲಿ ಹೇಳುತ್ತಿದ್ದರು. ನಾನು ಹಿಡಿದು ನೋಡಿದ್ದೇನೆ. ಮುಖ ಕಾಣುತ್ತಿರಲಿಲ್ಲ, ಕಿಟಕಿಯ ಸರಳುಗಳು ಮಾತ್ರ ಕಾಣುತ್ತಿದ್ದವು. ಅಷ್ಟಾದರೂ ಕಾಣುವ ಹೋಳಿಗೆಯನ್ನು ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ.

ಆಕೆಯ ತವರು ಮಹಾಗಾಂವ. ಒಕ್ಕಲುತನದ ಮನೆ, ದನಕರು ಇದ್ದ ಮನೆ. ನಾಲ್ಕನೇ ಇಯತ್ತೆ ಮುಗಿಸಿ ಮನೆಯಲ್ಲಿ ಕೂತಳು. ಮುಂದೆ ಕಲಬುರ್ಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಗೆ, ವಾಸುದೇವರಾಯರ ಹೆಂಡತಿಯಾಗಿ ಬಂದಳು. ವಾಸುದೇವರಾಯರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಅವರ ತಾಯಿ ಶಾರದಾಬಾಯಿ ಮನೆಯ ಹಿರಿಯರು. ಲಲಿತಾ ಒಬ್ಬಳೇ ಮಗಳು. ನನ್ನ ಯಜಮಾನರು ಹೋದ ಮೇಲೆ ನಾನು ಅದೇ ವಾಡೆಯ ಹಿಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗೆ ಇದ್ದೆ. ನಮ್ಮ ನಡುವೆ ಒಂದು ಅಂಗಳ, ಅಂಗಳದಲ್ಲಿ ಒಂದು ನಳ.

ಮಥುರಾಬಾಯಿ ಬಾಯಿ ಮುಚ್ಚಿ ಕೂಡುವವಳಲ್ಲ. ಯಾರ ಮನೆಯಲ್ಲಿ ಇವತ್ತು ಏನು ಪಲ್ಯ, ಯಾರ ಸೊಸೆ ಯಾವ ಬಸ್ಸಿಗೆ ತವರಿಗೆ ಹೋದಳು, ಯಾವ ಅಂಗಡಿಯ ತೊಗರಿಬೇಳೆಗೆ ಹುಳ ಹತ್ತಿದೆ, ಎಲ್ಲವೂ ಅವಳಿಂದಲೇ ನಮಗೆ ತಿಳಿಯಬೇಕು. ಒಂದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಅದು ಅವಳಿಗೆ ಬೀಳುವ ಕನಸು.

ಕನಸು ಬೀಳುತ್ತದೆ ಎಂಬುದು ಮಾತ್ರ ಇಡೀ ಓಣಿಗೆ ಗೊತ್ತಿತ್ತು. ವಾರಕ್ಕೆ ಎರಡು ಮೂರು ಸಲ, ಬೆಳಕು ಹರಿಯುವುದಕ್ಕೆ ಮುಂಚೆ, ಒಳಗಿನಿಂದ ಒಂದು ಚೀರು ಕೇಳುತ್ತಿತ್ತು. ಹಾಲಿನ ಗುಂಡಣ್ಣ ಮೊದಲ ಸಲ ಅದನ್ನು ಕೇಳಿ ಸೈಕಲ್ಲು ಬಿಟ್ಟು ಓಡಿದ್ದ. ಆಮೇಲೆ ಎಷ್ಟು ರೂಢಿಯಾಯಿತೆಂದರೆ, ಚೀರು ಕೇಳಿದ ಕೂಡಲೆ "ಐದಾತು" ಎಂದು ಪೆಡಲು ಜೋರಾಗಿ ತುಳಿಯುತ್ತಿದ್ದ.

ಅವರ ಮನೆತನದಲ್ಲಿ ಕೆಟ್ಟ ಕನಸನ್ನು ಮನುಷ್ಯರಿಗೆ ಹೇಳುವ ಪದ್ಧತಿ ಇಲ್ಲ. ಹೇಳಿದರೆ ಖರೆಯಾಗುತ್ತದೆ. ಹರಿಯುವ ನೀರಿಗೆ ಹೇಳಬೇಕು, ನೀರು ಅದನ್ನು ತೆಗೆದುಕೊಂಡು ಹೋಗುತ್ತದೆ. ಹಾಗಾಗಿ ಮಥುರಾಬಾಯಿ ಎದ್ದವಳೇ ನಳ ಬಿಟ್ಟು, ಬಗ್ಗಿ, ತುಟಿಯಲ್ಲೇ ಏನೋ ಹೇಳಿ, ಮುಖ ತೊಳೆದುಕೊಳ್ಳುವಳು. ಆದರೆ ನಮ್ಮ ಕಲಬುರ್ಗಿಯ ನಳ ದಿನಾ ಬರುವ ನಳವಲ್ಲ. ನೀರು ಬಾರದ ದಿನ ಕನಸು ಅವಳ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಆ ದಿನ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಚೀರಿದವಳನ್ನು ಎಬ್ಬಿಸುವವರು ಅತ್ತೆ. ವಾಸುದೇವರಾಯರು ಸೆಕೆಗೆ ಮಾಳಿಗೆಯ ಮೇಲೆ ಮಲಗುವವರು, ಅವರು ನಿಚ್ಚಣಿಕೆ ಇಳಿಯುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಶಾರದಾಬಾಯಿಯವರು ಗಂಡ ತೀರಿದ ಮೇಲೆ ಕಟ್ಟುನಿಟ್ಟು ಮಡಿ ಹಿಡಿದಿದ್ದರು. ನಸುಕಿನಲ್ಲೇ ಸ್ನಾನ ಮುಗಿಸಿರುತ್ತಿದ್ದರು. ಮಡಿಯಲ್ಲಿದ್ದವರು ಹಾಸಿಗೆಯಲ್ಲಿದ್ದವರನ್ನು ಮುಟ್ಟುವಂತಿಲ್ಲ. ಅದಕ್ಕೆ ಅವರು ಮಡಿಕೋಲು ತರುತ್ತಿದ್ದರು. ಒಗೆದ ಮಡಿಸೀರೆಯನ್ನು ಮೇಲಿನ ಗಳಕ್ಕೆ ಏರಿಸುವ ಉದ್ದನೆಯ ಬಿದಿರಿನ ಕೋಲು ಅದು. ಹೊಸ್ತಿಲಾಚೆ ನಿಂತು ಅದರ ತುದಿಯಿಂದ ಸೊಸೆಯನ್ನು ತಿವಿದು, "ಮಥುರಾ, ಏಳ, ಏನೂ ಇಲ್ಲ" ಎನ್ನುವರು.

ಏನೂ ಇಲ್ಲ ಎಂದರೂ ಉಪಾಯ ಮಾಡುವುದನ್ನು ಬಿಟ್ಟಿರಲಿಲ್ಲ. ದಿಂಬಿನ ಕೆಳಗೆ ಕುಡಗೋಲು ಇಟ್ಟರು. ಸ್ವಾಮಿಗಳಿಂದ ಮಂತ್ರಾಕ್ಷತೆ ತಂದರು, ದರ್ಗಾದಿಂದ ತಾಯಿತ ತಂದರು. ತಾಯಿತ ಕೈಯಲ್ಲಿತ್ತು, ಕುಡಗೋಲು ತಲೆಯ ಕೆಳಗಿತ್ತು, ಚೀರು ಚೀರುವ ಹೊತ್ತಿಗೇ ಬರುತ್ತಿತ್ತು. ಬರಬರುತ್ತ ಅವಳಿಗೆ ಮಲಗುವುದೆಂದರೇ ಅಂಜಿಕೆಯಾಯಿತು. ಎಲ್ಲರೂ ಮಲಗಿದ ಮೇಲೆ ಚಹಾ ಕುಡಿದು ಬೇಳೆ ಆರಿಸುತ್ತ ಕೂಡುವಳು, ಮಧ್ಯಾಹ್ನ ಲಟ್ಟಣಿಗೆಯ ಮೇಲೆ ಕೈಯಿಟ್ಟೇ ತೂಕಡಿಸುವಳು.

ಇದೆಲ್ಲ ಹಾಗೇ ನಡೆದುಹೋಗುತ್ತಿತ್ತೋ ಏನೋ. ಲಲಿತಾಳ ಕುಬಸ ಬಂತು.

ಲಲಿತಾಳನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ಅಳಿಯ ಗೋಪಾಲ ಶಾಲೆಯ ಮಾಸ್ತರ, ಅವನ ತಾಯಿ ಪಾರ್ವತೀಬಾಯಿ. ತೊಂಬತ್ತಾರನೇ ಇಸವಿಯ ಚಳಿಗಾಲದಲ್ಲಿ ಬಸುರಿ ಲಲಿತಾಳಿಗೆ ಏಳು ತಿಂಗಳು ತುಂಬಿತು. ನಾವೆಲ್ಲ ಹೋಗಿದ್ದೆವು. ಮಥುರಾಬಾಯಿ ಅಷ್ಟೂ ಜನಕ್ಕೆ ತಾನೇ ಹೋಳಿಗೆ ಮಾಡಿದಳು. ಬಸ್ಸು ತಪ್ಪಿ ಅಲ್ಲೇ ಮಲಗಬೇಕಾಯಿತು. ನಸುಕಿನಲ್ಲಿ ಆ ಮನೆಯೂ, ಪಕ್ಕದ ಮನೆಯೂ, ಹಿಂದಿನ ಬಾಳೆತೋಟದ ಕಾವಲುಗಾರನೂ ಒಟ್ಟಿಗೇ ಎದ್ದು ಕೂತರು.

ಬೆಳಗ್ಗೆ ಚಹಾ ಕೊಡುವಾಗ ಪಾರ್ವತೀಬಾಯಿ ಎದುರಿಗೆ ಕೂತರು.

"ಬೀಗತಿಯವರ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕೈಯಾಗ ರುಚಿ ಅದ, ಸುಳ್ಳು ಹೇಳಬಾರದು. ಆದ್ರ ಬಾಣಂತನ ಇಲ್ಲೇ ಆಗ್ಲಿ. ಹಸುಗೂಸಿನ ಮಗ್ಗಲದಾಗ ಹಿಂಗ ಒದರಿದ್ರ ಕೂಸು ಬೆಚ್ತದ. ನೀವು ಹಗಲಿ ಬರ್ರಿ, ಎಣ್ಣಿ ಹಚ್ಚಿ ಎರೀರಿ, ಸಂಜಿ ಬಸ್ಸಿಗೆ ಹೋಗ್ರಿ."

"ಚೊಚ್ಚಲ ಹೆರಿಗಿ ತವರುಮನ್ಯಾಗ ಮಾಡೋದು ಪದ್ಧತಿ ಅಲ್ಲೇನ್ರಿ?" ಎಂದಳು ಮಥುರಾಬಾಯಿ.

"ಪದ್ಧತಿ ಹೌದ್ರಿ. ಒದರೋದು ಯಾವ ಪದ್ಧತಿ?"

ಲಲಿತಾ ಬಾಗಿಲ ಸಂದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ತಿರುಗಿ ಬರುವ ಬಸ್ಸು ಮಹಾಗಾಂವ ಕ್ರಾಸು ದಾಟಿತು. ಆ ಕ್ರಾಸಿನಲ್ಲಿ ಮಥುರಾಬಾಯಿ ತವರಿನ ಒಂದಾದರೂ ಸುದ್ದಿ ಹೇಳದೆ ಮುಂದೆ ಹೋದದ್ದೇ ಇಲ್ಲ. ಅವತ್ತು ಬೆರಳು ಮಡಿಸಿ ದಿನ ಎಣಿಸುತ್ತಿದ್ದಳು. ಹೆರಿಗೆಗೆ ಎರಡು ತಿಂಗಳಿತ್ತು.

ವಾಸುದೇವರಾಯರ ಕಚೇರಿಯ ಮಂಜೂರ್ ಎಂಬವರು ಡಾಕ್ಟರ್ ಬುರ್ಹಾನುದ್ದೀನರ ಹೆಸರು ಹೇಳಿದರು. ಐವಾನ್-ಎ-ಶಾಹಿ ಕಡೆಗೆ ಅವರ ಮನೆ, ಮನೆಯ ಕೆಳಗೇ ದವಾಖಾನೆ. ಮಂಜೂರರ ತಂಗಿಗೆ ನಿದ್ದೆ ಹತ್ತದಿದ್ದಾಗ ಅವರೇ ನೋಡಿದ್ದರಂತೆ.

"ಅವ ಹುಚ್ಚರ ಡಾಕ್ಟರ್ ಅಲ್ಲೇನು?" ಎಂದರು ಶಾರದಾಬಾಯಿ. "ಬೀಗರಿಗೆ ತಿಳೀತಂದ್ರ ಹಗಲಿ ಬರ್ರಿ ಅನ್ನೋದೂ ಹೋಗ್ತದ."

"ನಿದ್ದಿ ಡಾಕ್ಟರ್ ಅಂತ ತಿಳ್ಕೊ ಅವ್ವಾ," ಎಂದರು ಮಗ.

ಮಥುರಾಬಾಯಿ ಹಿಟ್ಟಿನ ಕೈ ತೊಳೆಯುತ್ತಿದ್ದಳು. "ಅತ್ಯಾ, ನನಗ ಹುಚ್ಚಿ ಅಂದ್ರೂ ಅನ್ನವಲ್ಲರ್ಯಾಕ. ನನ್ನ ಮಗಳು ನನ್ನ ಮನಿಗೆ ಬಾಣಂತನಕ್ಕ ಬರಬೇಕು. ನಾ ಹೋಗ್ತೀನಿ."

ಅತ್ತೆ, ಸೊಸೆ, ನಾನು, ಮೂವರೂ ಹೋದೆವು. ಶಾರದಾಬಾಯಿಯವರು ಕಾವಲಿಗೆಂದು ಬಂದರು. ದವಾಖಾನೆಯ ಬೆಂಚಿನ ತುದಿಗೆ ತಮ್ಮದೇ ಬಟ್ಟೆ ಹಾಸಿಕೊಂಡು ಕೂತರು. ಡಾಕ್ಟರು ತಲೆ ನರೆತವರು, ಮೆತ್ತಗೆ ಮಾತಾಡುವವರು.

"ಬಾಯಿಯವರ, ಯಾವಾಗ ಒದರ್ತೀರಿ? ಮಲಗಿದ ಮ್ಯಾಲ ಬೇಗನೋ, ನಸುಕಿನ್ಯಾಗೋ?"

"ನಸುಕಿನ್ಯಾಗ್ರಿ."

"ಎದ್ದ ಮ್ಯಾಲ ಕನಸು ನೆನಪಿರ್ತದೋ ಇಲ್ಲೋ?"

"ಎಲ್ಲಾ ಇರ್ತದ್ರಿ. ಮರೀಬೇಕಂದ್ರೂ ಮರಿಯೂದಿಲ್ಲ."

"ಎಲ್ಲಿದ್ದೀನಿ ಅನ್ನೋದು ಕೂಡ್ಲೆ ತಿಳೀತದ?"

"ತಿಳೀತದ್ರಿ. ಅತ್ಯಾ ಕಾಣಸ್ತಾರ, ಕೋಲು ಕಾಣಸ್ತದ."

ಕೋಲಿನ ಮಾತನ್ನು ಡಾಕ್ಟರು ಆಗ ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಅವರು ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ನಿದ್ದೆ ಒಂದೇ ಸಮ ಇರುವುದಿಲ್ಲ. ಗಾಢ ನಿದ್ದೆ ಮೊದಲಿಗೆ ಹೆಚ್ಚು, ಕನಸಿನ ನಿದ್ದೆ ನಸುಕಿಗೆ ಹೆಚ್ಚು. ಕೆಲವರು, ಅದರಲ್ಲೂ ಮಕ್ಕಳು, ಮೊದಲ ನಿದ್ದೆಯಲ್ಲೇ ಚೀರಿ ಬೆಳಗ್ಗೆ ಏನೂ ನೆನಪಿಲ್ಲ ಎನ್ನುತ್ತಾರೆ, ಅದು ಬೇರೆ. ಕೆಟ್ಟ ಕನಸು ಎಲ್ಲರಿಗೂ ಒಮ್ಮೊಮ್ಮೆ ಬೀಳುತ್ತದೆ, ಅದು ರೋಗವಲ್ಲ. ಆದರೆ ಮೇಲಿಂದ ಮೇಲೆ ಬಿದ್ದು, ಎಚ್ಚರಾಗಿ, ಮಲಗಲಿಕ್ಕೇ ಅಂಜಿ, ಹಗಲಿನ ಕೆಲಸ ಕೆಟ್ಟಿತೆಂದರೆ ಅದು ನಿದ್ದೆಯ ಒಂದು ರೋಗ. ಗಾಳಿಯಲ್ಲ, ಶಕುನವಲ್ಲ, ಹುಚ್ಚೂ ಅಲ್ಲ. "ನೆಗಡಿ ಮೂಗಿಂದು ಆದಂಗ ಇದು ನಿದ್ದಿದು," ಎಂದರು. "ಈಗ ಕನಸು ಏನಂತ ಹೇಳ್ರಿ."

ಮಥುರಾಬಾಯಿ ಅತ್ತೆಯ ಕಡೆಗೆ ತಿರುಗಿದಳು.

"ಹೇಳಬಾರದ್ರಿ," ಎಂದರು ಶಾರದಾಬಾಯಿ. "ಮನಷ್ಯಾರಿಗೆ ಹೇಳಿದ್ರ ಖರೆ ಆಗ್ತದ."

"ಮತ್ತ ಯಾರಿಗೆ ಹೇಳ್ತೀರಿ?"

"ಹರಿಯೋ ನೀರಿಗೆ."

ಡಾಕ್ಟರು ಖೋಲಿಯ ಮೂಲೆ ನೋಡಿದರು. ಅಲ್ಲಿ ಕೈ ತೊಳೆಯುವ ನಳವಿತ್ತು. ಎದ್ದು ಹೋಗಿ ಅದನ್ನು ಬಿಟ್ಟರು. "ಬರ್ರಿ ಬಾಯಿಯವರ. ನೀರಿಗೆ ಹೇಳ್ರಿ. ನಾ ಕೈ ತೊಳಕೊಳ್ತಿರ್ತೀನಿ. ನನ್ನ ಕಿವಿಗೆ ಬಿದ್ರ ನೀವೇನು ಮಾಡ್ತೀರಿ, ನಾ ಏನು ಮಾಡ್ತೀನಿ."

ಶಾರದಾಬಾಯಿಯವರು ಇದರಲ್ಲಿ ಏನಾದರೂ ತಪ್ಪಿದೆಯೇ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ತಪ್ಪು ಸಿಗಲಿಲ್ಲ. ಮಥುರಾಬಾಯಿ ಎದ್ದು ನಳದ ಮುಂದೆ ಬಗ್ಗಿದಳು. ಡಾಕ್ಟರು ಸಾಬೂನು ಹಚ್ಚಿಕೊಂಡರು.

"ಮಹಾಗಾಂವದಾಗ ಹೊಲದ ಹಾದಿ ಹಿಡದು ಮನಿಗೆ ಹೊಂಟಿರ್ತೀನಿ. ಹಿಂದ ಬಿಳೀ ಎತ್ತು ಬರ್ತದ. ನಮ್ಮನಿ ಎತ್ತೇ. ಅದು ಖರೇನ ಯಾರಿಗೂ ಹಾದದ್ದಿಲ್ಲ, ಭಾಳ ಶಾಂತ ಇತ್ತು. ಕನಸಿನ್ಯಾಗ ಮಾತ್ರ ಕೋಡು ಬಗ್ಗಿಸಿ ಓಡಿ ಬರ್ತದ. ನಾ ಓಡ್ತೀನಿ, ಕಾಲು ಏಳೂದಿಲ್ಲ. ಮನಿ ಬಾಗಲಾ ಒಳಗಿಂದ ಹಾಕಿರ್ತಾರ. ಬಡೀತೀನಿ, ಯಾರೂ ತಗಿಯೂದಿಲ್ಲ..."

ಅಷ್ಟರಲ್ಲಿ ಕಂಪೌಂಡರ್ ಮೈಬೂಬ ಬಾಗಿಲಲ್ಲಿ ತಲೆ ಹಾಕಿದ. "ಸಾಬ್, ಟಾಂಕಿ ಖಾಲಿ ಹೋರೀ. ನಾಳಿತನಕ ನೀರಿಲ್ಲ."

"ಇನ್ನ ಸ್ವಲ್ಪ ಅದ," ಎಂದಳು ಮಥುರಾಬಾಯಿ, ನೀರಿಗೋ ಅವನಿಗೋ. ಬೇಗ ಬೇಗ ಹೇಳತೊಡಗಿದಳು. "ಬಾಗಲಕ್ಕ ಮುಖಾ ಮಾಡಿ ನಿಂತಿರ್ತೀನಿ, ಎತ್ತು ಹಿಂದ ಬಂದು ನಿಂದರ್ತದ, ಉಸರು ಬಡೀತದ, ಒದರ್ತೀನಿ, ಎಡಗಡಿ ಪಕ್ಕಿಗೆ ಕೋಡು ನೆಡ್ತದ, ಎಚ್ಚರಾಗ್ತದ. ಮುಗೀತು."

ಡಾಕ್ಟರು ನಳ ಬಂದ್ ಮಾಡಿ ಕೈ ಒರೆಸಿಕೊಂಡರು. "ನೀವು ಯಾವ ಮಗ್ಗಲಕ್ಕ ಮಲಗ್ತೀರಿ?"

"ಬಲಕ್ಕ ರೀ, ಗ್ವಾಡಿ ಕಡೆ ಮುಖಾ ಮಾಡಿ."

"ಅಂದ್ರ ಎಡಗಡಿ ಪಕ್ಕಿ ಮ್ಯಾಲಿರ್ತದ. ಈ ಕೋಲಿಂದು ಏನೋ ಅಂದ್ರಲ್ಲ, ಅದೇನದು?"

ಶಾರದಾಬಾಯಿಯವರು ಮಡಿಕೋಲಿನ ವಿಷಯ ಸಂಕೋಚವಿಲ್ಲದೆ ಹೇಳಿದರು. ಎಷ್ಟು ಉದ್ದ, ಎಲ್ಲಿ ನಿಲ್ಲುತ್ತೇನೆ, ತುದಿ ಎಲ್ಲಿಗೆ ಮುಟ್ಟುತ್ತದೆ, ಕೈ ಮಾಡಿ ತೋರಿಸಿದರು. ತೋರಿಸುತ್ತಿದ್ದಂತೆ ಅವರ ಕೈ ನಿಧಾನವಾಯಿತು.

"ಮಥುರಾ," ಎಂದರು. "ನಿಮ್ಮ ಮಾವ ಇದ್ದಾಗ ನಾ ಕೈಲೆ ಅಲಗಾಡಿಸಿ ಎಬ್ಬಿಸ್ತಿದ್ದೆ. ಆಗ ಎತ್ತು ಹಾಯ್ತಿತ್ತೇನು?"

ಮಥುರಾಬಾಯಿ ನೆನಪು ಮಾಡಿಕೊಂಡಳು. "ಇಲ್ಲತ್ಯಾ. ಆಗ ಬರೇ ಬೆನ್ನ ಹತ್ತತಿತ್ತು."

ಮೊದಲು ನಕ್ಕವಳು ಮಥುರಾಬಾಯಿ. ಆಮೇಲೆ ಡಾಕ್ಟರು. ಶಾರದಾಬಾಯಿಯವರು ನಗಲಿಲ್ಲ. "ಕೋಲು ಬಿಟ್ಟೆ," ಎಂದರು.

ಕೋಲು ಬಿಟ್ಟರೆ ಕೋಡು ಹೋದೀತು, ಎತ್ತು ಹೋಗುವುದಿಲ್ಲ ಎಂದರು ಡಾಕ್ಟರು. ಎತ್ತಿಗೆ ಬೇರೆ ಉಪಾಯ. "ಮನಸ್ಸು ಈ ಕಥಿನ ಪಾಠ ಮಾಡಿ ಬಿಟ್ಟದ, ದಿನಾ ಅದನ್ನೇ ಒಪ್ಪಸ್ತದ. ಹೊಸಾ ಪಾಠ ಕಲಸೂಣು. ಹಗಲಿ, ಎಚ್ಚರಿದ್ದಾಗ, ಇದೇ ಕನಸು ತಗೊಂಡು ನಿಮಗ ಬೇಕಾದಂಗ ಬದಲ ಮಾಡ್ರಿ. ಎಲ್ಲಿಂದ ಬದಲ ಮಾಡ್ತೀರಿ, ಏನು ಮಾಡ್ತೀರಿ, ನಿಮ್ಮ ಖುಷಿ. ದಿನಾ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ಆ ಹೊಸಾದನ್ನೇ ನೋಡ್ರಿ. ಹಳೇದು ನೆನಸಬ್ಯಾಡ್ರಿ. ಸಂಜಿ ಮ್ಯಾಲ ಚಾ ಬಿಡ್ರಿ. ನಿದ್ದಿ ಬಂದ ಮ್ಯಾಲ ಮಲಗ್ರಿ, ಏಳೋ ಹೊತ್ತು ಮಾತ್ರ ಒಂದೇ ಇರ್ಲಿ. ಒಮ್ಮೆಲೆ ಹೋಗೂದಿಲ್ಲ, ಕೆಲವು ವಾರ ಹಿಡೀತದ."

"ಗುಳಿಗಿ ಇಲ್ಲೇನ್ರಿ? ಬರೇ ಕಥಿ ಹೇಳ್ಕೋತ ಕೂಡೋದು?" ಎಂದರು ಶಾರದಾಬಾಯಿ.

"ಸದ್ಯಕ್ಕ ಇಷ್ಟು ಮಾಡ್ರಿ. ಸಾಲಲಿಲ್ಲಂದ್ರ ಗುಳಿಗಿ ಎಲ್ಲಿ ಹೋಗ್ತಾವ."

ಅವತ್ತಿನಿಂದ ನಮ್ಮ ಅಂಗಳದಲ್ಲಿ ಮಧ್ಯಾಹ್ನಕ್ಕೆ ಒಂದು ಕೆಲಸ ಸಿಕ್ಕಿತು. ಮೊದಲು ಏನು ಬದಲು ಮಾಡಬೇಕೆಂಬುದೇ ತಕರಾರು. ಇನ್ನೂ ಬೀಳದ ಕನಸನ್ನು ಮನುಷ್ಯರಿಗೆ ಹೇಳಲಿಕ್ಕೆ ಅಡ್ಡಿಯಿಲ್ಲ ಎಂದು ಶಾರದಾಬಾಯಿಯವರು ತೀರ್ಮಾನ ಕೊಟ್ಟಿದ್ದರು. ಗಿಡ ಹತ್ತಿಬಿಡು ಎಂದು ನಾನು ಹೇಳಿದೆ. "ಸೀರಿ ಉಟ್ಟು ಗಿಡ ಹತ್ತೋದು ಎಚ್ಚರಿದ್ದಾಗ ಬರೂದಿಲ್ಲ, ನಿದ್ದ್ಯಾಗ ಬರ್ತದೇನ್ರಿ ಅಕ್ಕಾ?" ಎಂದಳು. ಬಾಗಿಲು ತೆರೆದುಕೊಳ್ಳಲಿ ಎಂದರು ಅತ್ತೆ. ಅದೂ ಅವಳ ಮನಸ್ಸಿಗೆ ಹಿಡಿಸಲಿಲ್ಲ. ಎತ್ತು ಹೊರಗೇ ಉಳಿಯುತ್ತದಲ್ಲ, ಎಂದಳು.

ಕಡೆಗೆ ತಾನೇ ಹುಡುಕಿಕೊಂಡಳು. ಅವಳ ತವರಿನಲ್ಲಿ ಕಾರಹುಣ್ಣಿಮೆಯ ದಿನ ಎತ್ತಿಗೆ ಮೈ ತೊಳೆದು, ಮನೆಯ ಹೆಣ್ಣುಮಕ್ಕಳು ಕೈಯಾರೆ ಹೋಳಿಗೆ ತಿನ್ನಿಸುವ ರೂಢಿ. ಆ ಹೋಳಿಗೆ ಕನಸಿನಲ್ಲಿ ಅವಳ ಕೈಯಲ್ಲಿರಬೇಕು. ಎತ್ತು ಬರುತ್ತದೆ, ಇವಳು ತಿರುಗಿ ನಿಲ್ಲುತ್ತಾಳೆ, ಕೊಡುತ್ತಾಳೆ, ಎತ್ತು ತಿನ್ನುತ್ತದೆ.

ದಿನಾ ಊಟವಾದ ಮೇಲೆ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಬಾಯಿಬಿಟ್ಟು ಹೇಳಿಕೊಳ್ಳುವಳು. ಶಾರದಾಬಾಯಿಯವರು ಬತ್ತಿ ಹೊಸೆಯುತ್ತ ನಡುನಡುವೆ ತಿದ್ದುವರು.

"ತುಪ್ಪಾ ಹಚ್ಚಿದೇನು?"

"ಎತ್ತಿಗ್ಯಾಕ ತುಪ್ಪಾ, ಅತ್ಯಾ?"

"ಕನಸಿನ ತುಪ್ಪಕ್ಕ ಜುಗ್ಗತನಾ ಯಾಕ ಮಾಡ್ತಿ? ಹಚ್ಚು."

ತುಪ್ಪ ಹಚ್ಚಿದಳು.

ಕೋಲಿನ ಬದಲಿಗೆ ಶಾರದಾಬಾಯಿಯವರು ದೇವರ ಗಂಟೆ ಹಿಡಿದರು. ಸೊಸೆ ಚೀರಿದರೆ ಹೊಸ್ತಿಲಲ್ಲಿ ನಿಂತು ಗಂಟೆ ಬಾರಿಸುವುದು. ಮೊದಲ ವಾರ ಎಂದಿನಂತೆಯೇ ಚೀರಿದಳು, ಎಂದಿನಂತೆಯೇ ನಳಕ್ಕೆ ಹೇಳಿದಳು. ಮಥುರಾಬಾಯಿಯ ಮುಖ ಸಣ್ಣದಾಯಿತು. ಕಮಲಾಪುರದಿಂದ ಲಲಿತಾ ಯಾರ ಕೈಯಲ್ಲೋ ಕೆಂಪು ಬಾಳೆಹಣ್ಣು ಕಳಿಸಿ, ಅವ್ವಾ ನಾನು ಯಾವಾಗ ಬರಲಿ ಎಂದು ಕೇಳಿಸಿದ್ದಳು. ಇವಳು ಏನು ಹೇಳಿ ಕಳಿಸಬೇಕು?

ಎರಡನೇ ವಾರ ಒಂದು ಬೆಳಗ್ಗೆ ನಳದ ಮುಂದೆ ನಿಂತವಳು ನಳ ಬಿಡದೆ ಹಿಂದಕ್ಕೆ ಬಂದಳು.

"ಅತ್ಯಾ, ಎತ್ತಿನ ಕೊರಳಾಗ ಗಂಟಿ ಬಂದದ."

"ನಳಕ್ಕ ಹೇಳು. ನನಗ್ಯಾಕ ಹೇಳ್ತಿ?"

"ಇದು ಕೆಟ್ಟ ಕನಸೋ ಛಲೋದೋ ತಿಳೀವಲ್ದು. ಓಡಿ ಬಂತು, ಆದ್ರ ದೂರಿಂದನ ಗಂಟಿ ಕೇಳಸ್ತು. ಹಾಯಲಿಲ್ಲ."

ಶಾರದಾಬಾಯಿಯವರು ಯೋಚಿಸಿದರು. "ಗಂಟಿ ಕಟ್ಯಾರಂದ್ರ ಯಾರೋ ಸಾಕಿದ್ದು. ಮನಿ ಎತ್ತು. ಹೇಳು, ಅಡ್ಡಿಯಿಲ್ಲ."

ಅಲ್ಲಿಂದ ಒಂದೊಂದೇ ಬದಲಾಗುತ್ತ ಬಂತು. ಚೀರು ವಾರಕ್ಕೊಮ್ಮೆಯಾಯಿತು. ಒಂದು ಸಲ ಎತ್ತು ಬಂದು ಸುಮ್ಮನೆ ನಿಂತಿತಂತೆ, ಆದರೆ ಕೈಯಲ್ಲಿ ಹೋಳಿಗೆ ಇರಲಿಲ್ಲವಂತೆ. "ಮರತು ಹೋಗೀದಿ," ಎಂದು ಅತ್ತೆ ಬೈದರು, ಪೇಟೆಗೆ ಹೋಗಿ ಸಕ್ಕರೆ ಮರೆತು ಬಂದವಳನ್ನು ಬೈದ ಹಾಗೆ. ಸಂಜೆಯ ಚಹಾ ಬಿಟ್ಟಿದ್ದಕ್ಕೋ, ಅಂಜಿಕೆ ಕಡಿಮೆಯಾಗಿದ್ದಕ್ಕೋ, ಬೇಗ ಮಲಗತೊಡಗಿದಳು. ಸಾರಿಗೆ ಉಪ್ಪು ಒಂದೇ ಸಲ ಬಿತ್ತು. ಮುಂದಿನ ತಿಂಗಳು ಹಾಲಿನ ಗುಂಡಣ್ಣ ನನ್ನನ್ನು ಕೇಳಿದ, "ಬಾಯಿಯವರು ಊರಿಗೆ ಹೋಗ್ಯಾರೇನ್ರಿ? ನನಗ ಹೊತ್ತೇ ತಿಳೀವಲ್ದು, ಎಲ್ಲಾರ ಮನಿಗೂ ತಡಾ ಆಗ್ಲಿಕ್ಕತ್ತದ."

ಇದು ಓಣಿಗೆ ಗೊತ್ತಾದರೆ ಸಾಲದು, ಕಮಲಾಪುರಕ್ಕೆ ಗೊತ್ತಾಗಬೇಕಿತ್ತು. ವಾಸುದೇವರಾಯರು ಹೋಗಿ ಹೇಳಿ ಬಂದರು. ಪಾರ್ವತೀಬಾಯಿ ಹೇಳಿದ್ದನ್ನು ನಂಬುವವರಲ್ಲ. ಚಷ್ಮಾ ಬದಲಿಸಬೇಕೆಂಬ ನೆವ ಮಾಡಿಕೊಂಡು ಕಲಬುರ್ಗಿಗೆ ಬಂದರು, ಚೀಲ ಇಳಿಸಿದವರೇ "ನನ್ನ ಹಾಸಿಗಿ ಬೀಗತಿಯವರ ಮಗ್ಗಲದಾಗ ಹಾಸ್ರಿ" ಎಂದರು. ಯಾತಕ್ಕೆ ಎಂದು ಎಲ್ಲರಿಗೂ ತಿಳಿಯಿತು, ಯಾರೂ ಕೇಳಲಿಲ್ಲ.

ಮಥುರಾಬಾಯಿ ಅವತ್ತು ಮಧ್ಯಾಹ್ನ ಕಂಬಕ್ಕೆ ಒರಗಿ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಪಾರ್ವತೀಬಾಯಿ ಅಡುಗೆಮನೆಯಲ್ಲಿದ್ದರು, ಅದಕ್ಕೆ ತುಟಿಯಲ್ಲೇ ಹೇಳಿಕೊಂಡಳು.

ಬೆಳಗ್ಗೆ ನಾನು ಅಂಗಳಕ್ಕೆ ಬಂದಾಗ ಪಾರ್ವತೀಬಾಯಿ ತುಳಸಿಕಟ್ಟೆಯ ಹತ್ತಿರ ನಿಂತು ಹಲ್ಲುಪುಡಿಯಲ್ಲಿ ಹಲ್ಲು ತಿಕ್ಕುತ್ತಿದ್ದರು. ಮುಖದಲ್ಲಿ ಏನೂ ಕಾಣಲಿಲ್ಲ. ಶಾರದಾಬಾಯಿಯವರು ಗಂಟೆ ಕೈಯಲ್ಲೇ ಹಿಡಿದು ಬಾಗಿಲಲ್ಲಿ ಕೂತಿದ್ದರು, ಬಾರಿಸುವ ಪ್ರಸಂಗ ಬಂದಿರಲಿಲ್ಲ. ಮಥುರಾಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ಪಾರ್ವತೀಬಾಯಿ ಬಾಯಿ ಮುಕ್ಕಳಿಸಿದರು.

"ಬೀಗತಿಯವರ, ನಸುಕಿನ್ಯಾಗ ಯಾರ ಜೋಡಿ ಮಾತಾಡ್ಲಿಕ್ಕತ್ತಿದ್ರಿ?"

ಮಥುರಾಬಾಯಿ ಸೆರಗು ಬಿಟ್ಟು ಹತ್ತಿರ ಬಂದಳು. "ಒದರಿದೆ ಏನ್ರಿ?"

"ಒದರಲಿಲ್ಲ. ‘ತಗೋ, ಬಿಸಿ ಅದ, ಆರಿಸಿ ತಿನ್ನು’ ಅಂದ್ರಿ. ಆಮ್ಯಾಲ ‘ಇನ್ನೊಂದು ಬೇಕೇನು’ ಅಂದ್ರಿ."

ಮಥುರಾಬಾಯಿ ಅತ್ತೆಯ ಕಡೆ ನೋಡಿದಳು. "ಛಲೋ ಕನಸು," ಎಂದರು ಶಾರದಾಬಾಯಿ. "ಮನಷ್ಯಾರಿಗೆ ಹೇಳಬಹುದು."

ಆಗ ಮಥುರಾಬಾಯಿ ಎತ್ತಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹುಚ್ಚರ ಡಾಕ್ಟರೆಂದು ಅತ್ತೆ ಅಂದಿದ್ದನ್ನೂ ಬಿಡಲಿಲ್ಲ. ಪಾರ್ವತೀಬಾಯಿ ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದರು.

"ಕುಬಸದ ದಿನಾ ನಾ ಎರಡನೇ ಹೋಳಿಗಿ ಕೇಳಿದ್ರ ಮುಗದಾವ ಅಂದ್ರಿ," ಎಂದರು ಕಡೆಗೆ. "ಎತ್ತಿಗೆ ಮಾತ್ರ ಇನ್ನೊಂದು ಬೇಕೇನು ಅಂತೀರಿ."

"ಇವತ್ತ ಮಾಡ್ತೀನ್ರಿ."

"ಮಾಡ್ರಿ. ಗೋಪಾಲಗ ಹೇಳ್ತೀನಿ, ಬರೋ ಸೋಮವಾರ ಲಲಿತಾನ ಕರಕೊಂಡು ಬಂದು ಬಿಡ್ತಾನ. ಇನ್ನ ತಡಾ ಮಾಡಿದ್ರ ಬಸ್ಸಿನ್ಯಾಗ ಕೂಡೋದು ಆಕಿಗೆ ತ್ರಾಸ ಆಗ್ತದ."

ಮಥುರಾಬಾಯಿ ಒಳಗೆ ಹೋಗಿ ಕಡಲೆಬೇಳೆ ನೆನೆಯಲಿಕ್ಕೆ ಹಾಕಿದಳು. ಎಂದಿನ ಎರಡರಷ್ಟು ಹಾಕಿದ್ದಳು.

ಲಲಿತಾ ಸೋಮವಾರ ಬಂದಳು. ಹೆಣ್ಣು ಕೂಸು ಹುಟ್ಟಿತು. ಎತ್ತು ಪೂರಾ ಬಿಟ್ಟುಹೋಯಿತು ಎಂದರೆ ಸುಳ್ಳಾಗುತ್ತದೆ. ಮೈಗೆ ಹುಷಾರಿಲ್ಲದಾಗ, ಬಹಳ ದಣಿದಾಗ ಒಮ್ಮೊಮ್ಮೆ ಬರುತ್ತಿತ್ತು. ಆಗೆಲ್ಲ ಮಥುರಾಬಾಯಿ ನಾಲ್ಕು ದಿನ ಮತ್ತೆ ಕಂಬಕ್ಕೆ ಒರಗಿ ಕೂಡುವಳು. ಬಾಣಂತನದ ದಿನಗಳಲ್ಲಿ ಮಾತ್ರ ಒಮ್ಮೆಯೂ ಬರಲಿಲ್ಲ.

ಬಂದದ್ದು ಬೇರೆ ಚೀರು. ಕೂಸು ಬಂದ ಮೊದಲ ವಾರ, ನಸುಕಿನಲ್ಲಿ, ಗುಂಡಣ್ಣನ ಸೈಕಲ್ಲು ಓಣಿಯಲ್ಲಿ ಬರುವ ಹೊತ್ತಿಗೆ ಸರಿಯಾಗಿ ಒಳಗೆ ಚೀರು ಕೇಳಿತು. ಶಾರದಾಬಾಯಿಯವರು ಪೂಜೆ ಬಿಟ್ಟು ಓಡಿ ಬಂದು ಹೊಸ್ತಿಲಲ್ಲಿ ಗಂಟೆ ಬಾರಿಸಿದರು. ಬಾಣಂತಿಯ ಖೋಲಿಯೊಳಗಿನಿಂದ ಮಥುರಾಬಾಯಿಯ ದನಿ ಬಂತು.

"ಅತ್ಯಾ, ಗಂಟಿ ಸಾಕು. ಎತ್ತಲ್ಲ, ನಿಮ್ಮ ಮರಿಮಗಳು. ಹಸದಾಳ."

ಹೊರಗೆ ಗುಂಡಣ್ಣ "ಐದಾತು" ಎಂದು ಜೋರಾಗಿ ಪೆಡಲು ತುಳಿದ.